ಆತ ಹೋದ ಮೇಲೆ ಅಂಗಡಿ ಏನಾಯಿತು?

ಮುಚ್ಚುವ ಹಂತಕ್ಕೆ ಬಂದ ಹೋಟೆಲುಗಳನ್ನು ಎತ್ತಿ ನಿಲ್ಲಿಸುವ ರಿಯಾಲಿಟಿ ಶೋಗಳಲ್ಲಿ ಒಂದು ದೃಶ್ಯ ತಪ್ಪದೆ ಬರುತ್ತದೆ. ಹೊರಗಿನಿಂದ ಬಂದ ಬಾಣಸಿಗ ಅಡುಗೆಮನೆಯ ಫ್ರಿಜ್ ತೆರೆಯುತ್ತಾನೆ, ಡಬ್ಬಿಯೊಂದರ ಮುಚ್ಚಳ ಎತ್ತಿ ಮೂಸುತ್ತಾನೆ, ಮಾಲೀಕನನ್ನು ಕರೆದು ಅದನ್ನು ಅವನ ಮುಖದ ಮುಂದೆ ಹಿಡಿಯುತ್ತಾನೆ. ಮಾಲೀಕ ಮೊದಲು ವಾದಿಸುತ್ತಾನೆ, ಆಮೇಲೆ ತಲೆ ತಗ್ಗಿಸುತ್ತಾನೆ. ಈ ದೃಶ್ಯವನ್ನು ನಾನು ಬೇರೆ ಬೇರೆ ಕಂತುಗಳಲ್ಲಿ ಮತ್ತೆ ಮತ್ತೆ ನೋಡಿದ್ದೇನೆ. ಏಕೆಂದರೆ ಆ ದಿನಗಳಲ್ಲಿ ಅಂಥದೊಂದು ಫ್ರಿಜ್ ನಮ್ಮಲ್ಲೂ ಇತ್ತು, ಅದರ ಮಾಲೀಕರು ನನ್ನ ಮಾವನವರು.

ಕಲಬುರಗಿಯ ಧಾನ್ಯದ ಮಾರುಕಟ್ಟೆಯಾದ ನೆಹರು ಗಂಜ್ ಸಮೀಪ ನಮ್ಮದೊಂದು ಖಾನಾವಳಿ ಇದೆ. ಮಾವನವರು ಪ್ರಾಯದಲ್ಲಿ ಸ್ವಂತ ದುಡಿಮೆಯಿಂದ ಕಟ್ಟಿದ್ದು. ತೊಗರಿ ಮಾರಲು ಬರುವ ರೈತರು, ಹಮಾಲರು, ಅಡತಿ ಅಂಗಡಿಗಳ ಗುಮಾಸ್ತರು, ದಾಲ್ ಮಿಲ್ಲುಗಳಿಗೆ ಬರುವ ಲಾರಿ ಚಾಲಕರು, ಇವರೇ ಗಿರಾಕಿಗಳು. ಡಿಸೆಂಬರಿನಲ್ಲಿ ಹೊಸ ತೊಗರಿ ಗಂಜಿಗೆ ಬರಲು ಶುರುವಾದರೆ ಎರಡು ಮೂರು ತಿಂಗಳು ಮಧ್ಯಾಹ್ನ ಕೂಡಲು ಜಾಗ ಸಿಗುತ್ತಿರಲಿಲ್ಲ. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಅದನ್ನು ಕಣ್ಣಾರೆ ಕಂಡಿದ್ದೆ. ಆಮೇಲೆ ಮುಖ್ಯ ರಸ್ತೆಗೆ ಹವಾನಿಯಂತ್ರಿತ ರೆಸ್ಟೋರೆಂಟುಗಳು ಬಂದವು. ಗಿರಾಕಿಗಳು ಕಡಿಮೆಯಾದಂತೆ ಮಾವನವರು ಭಯಪಟ್ಟು ಪದಾರ್ಥಗಳನ್ನು ಹೆಚ್ಚಿಸುತ್ತಾ ಹೋದರು. ಗೋಬಿ ಮಂಚೂರಿ ಬಂತು, ನೂಡಲ್ಸ್ ಬಂತು, ಪನ್ನೀರಿನ ಆರೇಳು ಬಗೆ ಬಂದವು, ಅವುಗಳ ಜೊತೆಗೆ ಚೈನೀಸ್ ಅಡುಗೆಯವನೊಬ್ಬ ಬಂದ. ಗೋಡೆಯ ಮೇಲಿದ್ದ ಒಂದು ಸಾಲಿನ ದರಪಟ್ಟಿ ಹೋಗಿ ಪ್ಲಾಸ್ಟಿಕ್ ಹೊದಿಸಿದ ನಾಲ್ಕು ಪುಟದ ಮೆನು ಕಾರ್ಡ್ ಮೇಜಿಗೆ ಬಂತು. ಸಾಲ ಮಾತ್ರ ಕರಗಲಿಲ್ಲ.

ನಾನು ಸೇಡಂ ಕಡೆಯವಳು. ಬಿ.ಕಾಂ. ಮುಗಿಸಿ ಮದುವೆಗೆ ಮುಂಚೆ ದಾಲ್ ಮಿಲ್ಲೊಂದರ ಕಚೇರಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ನನ್ನ ಗಂಡ ಸಾರಿಗೆ ನಿಗಮದಲ್ಲಿ ಕಂಡಕ್ಟರ್, ರಾತ್ರಿ ಪಾಳಿ ಇದ್ದರೆ ಮನೆಗೆ ಬರುವುದು ಮರುದಿನ. ಅಂಥ ರಾತ್ರಿಗಳಲ್ಲಿ ಮಗುವನ್ನು ಮಲಗಿಸಿ ಮೊಬೈಲಿನಲ್ಲಿ ಈ ಶೋಗಳನ್ನು ನೋಡಲು ಆರಂಭಿಸಿದೆ. ಬಾಣಸಿಗ ಗಾರ್ಡನ್ ರಾಮ್ಸೆಯ ಇಂಥ ಕಾರ್ಯಕ್ರಮ ಬ್ರಿಟನ್ನಿನ ಚಾನೆಲ್ 4ರಲ್ಲಿ 2004ರಲ್ಲಿ ಶುರುವಾದದ್ದು. ಆತನ ಲಂಡನ್ ರೆಸ್ಟೋರೆಂಟಿಗೆ 2001ರಲ್ಲೇ ಮೂರು ಮಿಷೆಲಿನ್ ತಾರೆಗಳು, ಅಂದರೆ ಹೋಟೆಲುಗಳಿಗೆ ಸಿಗುವ ಅತಿ ದೊಡ್ಡ ಮನ್ನಣೆ, ದೊರೆತಿದ್ದವು, ಹಾಗಾಗಿ ಅಡುಗೆಯ ವಿಷಯದಲ್ಲಿ ಅವನ ಮಾತಿಗೆ ತೂಕವಿತ್ತು. ಅಮೆರಿಕದ ಫಾಕ್ಸ್ ವಾಹಿನಿಯಲ್ಲಿ ಅದೇ ಕಾರ್ಯಕ್ರಮ 2007ರಿಂದ 2014ರವರೆಗೆ ನಡೆಯಿತು, 2023ರಲ್ಲಿ ಮತ್ತೆ ಬಂತು. 2011ರಲ್ಲಿ ರಾಬರ್ಟ್ ಇರ್ವಿನ್‌ನ 'ರೆಸ್ಟೋರೆಂಟ್: ಇಂಪಾಸಿಬಲ್' ಶುರುವಾಯಿತು. ಎರಡು ದಿನ, ಹತ್ತು ಸಾವಿರ ಡಾಲರ್, ಅಷ್ಟರಲ್ಲೇ ಹೋಟೆಲನ್ನು ಹೊಸದಾಗಿಸಬೇಕು ಎಂಬುದು ಅದರ ಪಂಥ. ಅದೇ ವರ್ಷ ಜಾನ್ ಟ್ಯಾಫರ್ ಇಂಥದೇ ಶೋ ಒಂದರಲ್ಲಿ ಬಾರುಗಳನ್ನು ಉಳಿಸಲು ಹೊರಟ.

ನನಗೆ ಹಿಡಿಸಿದ್ದು ಬ್ರಿಟನ್ನಿನ ಕಂತುಗಳು. ಅಮೆರಿಕದ ಆವೃತ್ತಿಯಲ್ಲಿ ಯಾರಾದರೂ ಚಮಚ ಕೆಳಗಿಟ್ಟರೂ ಹಿನ್ನೆಲೆಯಲ್ಲಿ ಗುಡುಗಿನ ಸದ್ದು ಬರುತ್ತದೆ. ಬ್ರಿಟನ್ನಿನದರಲ್ಲಿ ರಾಮ್ಸೆ ತಾನೇ ನಿರೂಪಣೆ ಮಾಡುತ್ತಾನೆ, ತಟ್ಟೆಯ ಬೆಲೆಗೂ ಅದರ ಖರ್ಚಿಗೂ ಲೆಕ್ಕ ಹಾಕಿ ತೋರಿಸುತ್ತಾನೆ, ಸುತ್ತಲಿನ ಊರಿನಲ್ಲಿ ಏನು ಬೆಳೆಯುತ್ತಾರೆ ಎಂದು ವಿಚಾರಿಸುತ್ತಾನೆ, ಕೆಲವು ವಾರಗಳ ನಂತರ ಮತ್ತೆ ಬಂದು ನೋಡುತ್ತಾನೆ. ಕೂಗಾಟವನ್ನು ತೆಗೆದು ಬದಿಗಿಟ್ಟರೆ ಅದರಲ್ಲೊಂದು ಕ್ರಮವಿದೆ. ಮೊದಲು ಗಿರಾಕಿಯಂತೆ ಕುಳಿತು ಉಣ್ಣಬೇಕು. ಆಮೇಲೆ ಸಪ್ಲೈಯರ್‌ಗಳನ್ನು ಮಾತನಾಡಿಸಬೇಕು. ಆಮೇಲೆ ಅಡುಗೆಮನೆ, ಫ್ರಿಜ್, ಲೆಕ್ಕದ ಪುಸ್ತಕ. ಕೊನೆಗೆ ಮೆನು ಕತ್ತರಿಸಬೇಕು. ಈ ಕ್ರಮವನ್ನು ನಮ್ಮಲ್ಲಿ ಮಾಡಿ ನೋಡಬೇಕೆಂಬ ಆಸೆ ನನ್ನಲ್ಲಿ ಬೇರೂರಿತು.

ಮೊದಲ ಹೆಜ್ಜೆಯೇ ನಮ್ಮ ಮನೆಗೆ ಒಗ್ಗುವಂಥದ್ದಾಗಿರಲಿಲ್ಲ. ಮನೆಯ ಸೊಸೆ ಹೊರಗಿನ ಹಾಲ್‌ನಲ್ಲಿ ಗಂಡಸರ ನಡುವೆ ಕುಳಿತು ಊಟ ತರಿಸಿಕೊಳ್ಳುವ ರೂಢಿ ನಮ್ಮಲ್ಲಿಲ್ಲ. ಸೇಡಂನಿಂದ ತಮ್ಮನನ್ನು ಕರೆಸಿದೆ. ಅವನನ್ನು ಸಪ್ಲೈಯರ್‌ಗಳು ಗುರುತಿಸುತ್ತಿರಲಿಲ್ಲ. ಅವನು ಉಂಡು ಬಂದು, "ಅಕ್ಕಾ, ರೊಟ್ಟಿ ಒಣಗಿ ಒಡೆಯುತ್ತದೆ, ನೂಡಲ್ಸ್ ಎಣ್ಣೆಯಲ್ಲಿ ತೇಲುತ್ತದೆ, ಶೇಂಗಾ ಹಿಂಡಿ ಮಾತ್ರ ಇನ್ನೊಂದು ಸಲ ಕೇಳುವಂತಿದೆ" ಎಂದ. ಒಬ್ಬನ ನಾಲಿಗೆಯನ್ನೇ ನಂಬುವಂತಿಲ್ಲ ಎಂದುಕೊಂಡು ನಾನು ಹಿಂಬದಿಯಲ್ಲಿ, ತಟ್ಟೆ ತೊಳೆಯುವ ಕಟ್ಟೆಯ ಹತ್ತಿರ ಕೂಡಲು ಶುರುಮಾಡಿದೆ. ಅಲ್ಲಿ ಕುಳಿತರೆ ಯಾರೂ ಏನೂ ಅನ್ನುವುದಿಲ್ಲ, ಪಾತ್ರೆಗಳ ಮೇಲೆ ನಿಗಾ ಇಟ್ಟಿದ್ದಾಳೆ ಎಂದುಕೊಳ್ಳುತ್ತಾರೆ.

ಖಾನಾವಳಿಯ ಸತ್ಯವೆಲ್ಲ ಆ ಕಟ್ಟೆಗೆ ಬಂದು ಬೀಳುತ್ತದೆ. ತಟ್ಟೆಗಳು ಒಂದರ ಮೇಲೊಂದು ಬರುತ್ತಿದ್ದವು. ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ, ಬಡಿಸಿದ ಜಾಗ ಬೆರಳಿನಿಂದ ಒರೆಸಿದಂತೆ ಖಾಲಿ. ಎಣ್ಣೆಗಾಯಿಯ ಬದನೆ ಹೋಗಿರುತ್ತಿತ್ತು, ಮಸಾಲೆಯ ಮೇಲೆ ನಿಂತ ಎಣ್ಣೆ ಮಾತ್ರ ಉಳಿದಿರುತ್ತಿತ್ತು. ಅನ್ನದ ಅರ್ಧಭಾಗ ಹಾಗೇ ವಾಪಸು. ಎಲ್ಲಕ್ಕಿಂತ ಹೆಚ್ಚು ಬರುತ್ತಿದ್ದದ್ದು ರೊಟ್ಟಿಯ ಅಂಚು: ನಡುವಿನ ಮೆತ್ತನೆಯ ಭಾಗ ತಿಂದು, ಸುತ್ತಲಿನ ಒಣ ಬಳೆಯನ್ನು ಮುರಿದು ತಟ್ಟೆಯ ಬದಿಗೆ ಸರಿಸಿ ಎದ್ದುಹೋಗುತ್ತಿದ್ದರು. ಕಲಬುರಗಿಯ ಮನುಷ್ಯ ಜೋಳದ ರೊಟ್ಟಿಯನ್ನು ತಟ್ಟೆಯಲ್ಲಿ ಬಿಟ್ಟು ಏಳುವುದೆಂದರೆ ಸಣ್ಣ ಮಾತಲ್ಲ. ಮುಸುರೆಯ ಬಕೆಟ್ಟಿನಲ್ಲಿ ಆ ತುಂಡುಗಳನ್ನು ಕಂಡಾಗ ನನಗೆ ಸಂಕಟವಾಯಿತು. ನಾಲ್ಕು ಪುಟದ ಮೆನುವಿನ ಚಿಂತೆ ಆಮೇಲೆ, ಮೊದಲು ಈ ರೊಟ್ಟಿಯನ್ನು ಸರಿಪಡಿಸಬೇಕು ಎಂದು ಅಲ್ಲೇ ನಿಶ್ಚಯಿಸಿದೆ.

ಆ ಶೋಗಳಲ್ಲಿ ರಾಮ್ಸೆ ಯಾವಾಗಲೂ ಸಪ್ಲೈಯರ್‌ಗಳನ್ನು ಹಿಡಿದು, ಊಟ ಹೇಗಿದೆ ಎಂದು ಕೇಳುತ್ತಾನೆ. ಅವರಿಗೆ ಎಲ್ಲವೂ ಗೊತ್ತಿರುತ್ತದೆ, ಯಾರೂ ಕೇಳಿರುವುದಿಲ್ಲ. ನಮ್ಮಲ್ಲೂ ಹಾಗೆಯೇ ಆಯಿತು. ರೊಟ್ಟಿ ಬಡಿಯಲು ಬರುವ ಹಿರಿಯ ಹೆಂಗಸೊಬ್ಬರಿದ್ದರು. ಒಂದು ಮಧ್ಯಾಹ್ನ ಒಲೆ ಆರಿದ ಮೇಲೆ ಅವರ ಪಕ್ಕ ಕುಳಿತು ಕೇಳಿದೆ. ಅವರು ಪರಾತದಲ್ಲಿದ್ದ ಹಿಟ್ಟನ್ನು ಹಿಡಿಯಷ್ಟು ತೆಗೆದು ನನ್ನ ಅಂಗೈಗೆ ಹಾಕಿದರು. "ಹಿಚುಕಿ ನೋಡಿರಿ ಅಕ್ಕಾರೇ, ಇದಕ್ಕೆ ಜಿಗಿ ಇದೆಯೇ?" ಎಂದರು. ಹಿಟ್ಟು ಮುಷ್ಟಿಯಲ್ಲಿ ನಿಲ್ಲಲಿಲ್ಲ, ಬೆರಳಿನ ಸಂದಿಯಿಂದ ಉದುರಿತು. ಗಿರಣಿಗೆ ಹೋಗಿ ಬರುವ ಆಟೋ ಬಾಡಿಗೆ ಉಳಿಸಲೆಂದು ಹದಿನೈದು ದಿನಕ್ಕೆ ಆಗುವಷ್ಟು ಜೋಳವನ್ನು ಒಮ್ಮೆಗೇ ಬೀಸಿಸಿ ಚೀಲಗಳಲ್ಲಿ ತುಂಬಿಡುತ್ತಿದ್ದರು. ಅದೂ ಸಿಕ್ಕಿದ ಜೋಳ, ಅಗ್ಗದ್ದು.

ಜೋಳದ ಹಿಟ್ಟಿನಲ್ಲಿ ಗೋಧಿಯಲ್ಲಿರುವಂಥ ಅಂಟು ಇಲ್ಲ. ಕುದಿಯುವ ನೀರು ಬಿದ್ದಾಗ ಪಿಷ್ಟ ಬೆಂದು ಹಿಡಿದುಕೊಳ್ಳುತ್ತದೆ, ಆ ಹಿಡಿತದ ಮೇಲೆಯೇ ಕೈಯಲ್ಲಿ ಬಡಿದು ರೊಟ್ಟಿಯನ್ನು ಅಗಲ ಮಾಡುವುದು. ಹಿಟ್ಟು ಹಳೆಯದಾದಂತೆ ಆ ಶಕ್ತಿ ಕುಂದುತ್ತದೆ, ಬಡಿಯುವಾಗ ಅಂಚು ಸೀಳುತ್ತದೆ, ಸೀಳಬಾರದೆಂದು ದಪ್ಪ ಬಡಿಯುತ್ತಾರೆ, ದಪ್ಪ ಬಡಿದದ್ದು ಹಂಚಿನ ಮೇಲೆ ಉಬ್ಬುವುದಿಲ್ಲ. ಕಾರಣ ಇಷ್ಟೇ. ಆ ತಾಯಿ ಇದನ್ನು ಗಲ್ಲಾದವರೆಗೆ ಹೋಗಿ ಎಷ್ಟೋ ಸಲ ಹೇಳಿದ್ದರಂತೆ. ಹಿಂಗಾರಿಯ ಮಾಲದಂಡಿ ತಳಿಯ ಬಿಳಿಜೋಳ ತಂದು ಎರಡು ದಿನಕ್ಕೊಮ್ಮೆ ಬೀಸಿಸಿದರೆ ನಾನು ಕಾಗದದಂಥ ರೊಟ್ಟಿ ಕೊಡುತ್ತೇನೆ ಎಂದರು. ಹಾಗೇ ಕೊಟ್ಟರು ಕೂಡ.

ಫ್ರಿಜ್ಜಿನ ವಿಷಯ ಹೇಳಲೇಬೇಕು, ಆದರೆ ಹೆಚ್ಚು ಹೇಳಲು ಮನಸ್ಸಿಲ್ಲ. ಬೇಯಿಸಿಟ್ಟ ನೂಡಲ್ಸ್, ಕೆಂಪು ಗ್ರೇವಿ, ಬಿಳಿ ಗ್ರೇವಿ, ಕರಗಿ ಮತ್ತೆ ಹೆಪ್ಪುಗಟ್ಟಿದ ಪನ್ನೀರು. ಯಾವ ಡಬ್ಬಿಯ ಮೇಲೂ ದಿನಾಂಕವಿಲ್ಲ. ತಣ್ಣಗಿಡುವ ಅಡುಗೆ 5 ಡಿಗ್ರಿಗಿಂತ ಕೆಳಗೆ, ಬಿಸಿ ಇಡುವುದು 60 ಡಿಗ್ರಿಗಿಂತ ಮೇಲೆ ಇರಬೇಕೆಂಬುದು ಆಹಾರ ಸುರಕ್ಷತೆಯ ಮೂಲ ಪಾಠ. ಕಲಬುರಗಿಯಲ್ಲಿ ಬೇಸಿಗೆಯ ಬಿಸಿಲು 42 ದಾಟುತ್ತದೆ, ಮಧ್ಯಾಹ್ನ ಕರೆಂಟ್ ಹೋದರೆ ನಮ್ಮ ಹಳೆಯ ಫ್ರಿಜ್ ಬರೀ ಕಪಾಟು. ನಾಲ್ಕು ಪುಟದ ಮೆನು ಇದ್ದಮೇಲೆ ಎಲ್ಲವನ್ನೂ ಅರೆಬರೆ ಬೇಯಿಸಿ ಇಟ್ಟುಕೊಳ್ಳದೆ ವಿಧಿಯಿಲ್ಲ. ಯಾರು ಯಾವಾಗ ಏನು ಕೇಳುತ್ತಾರೋ ಗೊತ್ತಿಲ್ಲ. ದೊಡ್ಡ ಮೆನುವೇ ಹಳಸಿದ ಡಬ್ಬಿಗಳನ್ನು ಹುಟ್ಟಿಸುತ್ತದೆ. ರಾಮ್ಸೆ ಎಲ್ಲೆಲ್ಲೂ ಮೆನುವಿಗೆ ಏಕೆ ಕೈಹಾಕುತ್ತಾನೆ ಎಂಬುದು ಆ ಫ್ರಿಜ್ಜಿನ ಮುಂದೆ ನಿಂತಾಗ ನನಗೆ ಪೂರ್ತಿಯಾಗಿ ಹೊಳೆಯಿತು.

ಲೆಕ್ಕ ನನ್ನ ಕೈಯಳತೆಯ ಕೆಲಸ. ಚೈನೀಸ್ ವಿಭಾಗವನ್ನೇ ತೆಗೆದುಕೊಳ್ಳಿ. ದಿನಕ್ಕೆ ಸರಾಸರಿ ಹನ್ನೆರಡು ಪ್ಲೇಟ್, ಒಂದಕ್ಕೆ 90 ರೂಪಾಯಿ. ತಿಂಗಳಿಗೆ 32,400 ರೂಪಾಯಿ ಬರುತ್ತಿತ್ತು, ಗಲ್ಲಾದಲ್ಲಿ ಕುಳಿತವರಿಗೆ ಅದು ದೊಡ್ಡ ಮೊತ್ತವಾಗಿಯೇ ಕಾಣುತ್ತದೆ. ಸಾಮಾನು, ಎಣ್ಣೆ, ಕೆಟ್ಟುಹೋಗಿ ಎಸೆದದ್ದು ಎಲ್ಲ ಸೇರಿ ನೂರಕ್ಕೆ ನಲವತ್ತು, ಅಂದರೆ 12,960. ಅಡುಗೆಯವನ ಪಗಾರ 18,000. ಉಳಿದದ್ದು 1,440 ರೂಪಾಯಿ. ಅದರಲ್ಲಿ 19 ಕೆ.ಜಿ.ಯ ಒಂದು ಸಿಲಿಂಡರ್ ಕೂಡ ಬರುವುದಿಲ್ಲ, ಆ ದೊಡ್ಡ ಉರಿಯ ಒಲೆಯೋ ಸಿಲಿಂಡರುಗಳನ್ನು ನುಂಗುತ್ತಿತ್ತು. ಊಟದ ತಟ್ಟೆಯೊಂದೇ ಲಾಭ ತರುತ್ತಿದ್ದದ್ದು, ಆ ಲಾಭವನ್ನು ಉಳಿದ ಮೂರು ಪುಟಗಳು ತಿನ್ನುತ್ತಿದ್ದವು.

ಇಷ್ಟೆಲ್ಲ ತಿಳಿದುಕೊಂಡಾಯಿತು. ಇದನ್ನು ಮಾವನವರಿಗೆ ಹೇಳುವುದು ಹೇಗೆ? ಟಿವಿಯಲ್ಲಿ ಇದು ಬಲು ಸುಲಭ. ಬಾಣಸಿಗ ಪರಊರಿನವನು, ಹಾಳು ಮಾಡಿದವನು ನೀನೇ ಎಂದು ಮುಖದ ಮೇಲೆ ಹೇಳುತ್ತಾನೆ, ವಾರದೊಳಗೆ ಗಾಡಿ ಹತ್ತಿ ಹೋಗುತ್ತಾನೆ. ನಾನು ಮರುದಿನ ಬೆಳಿಗ್ಗೆ ಅದೇ ಮಾವನವರಿಗೆ ಚಹಾ ಕೊಡಬೇಕು. ಅವರ ಕಣ್ಣಲ್ಲಿ ಕಣ್ಣಿಟ್ಟು ಮಾತನಾಡಿದವಳೂ ಅಲ್ಲ. ಅದಕ್ಕಿಂತ ಹೆಚ್ಚಾಗಿ, ಅವರ ಮನಸ್ಸನ್ನು ನೋಯಿಸಿ ಉಳಿಸುವ ಅಂಗಡಿ ನನಗೆ ಬೇಕಿರಲಿಲ್ಲ. ಆ ಮೇಜು ಕುರ್ಚಿಗಳ ದುಡ್ಡಿನಲ್ಲೇ ನನ್ನ ಗಂಡ ಓದಿದ್ದು, ನಾದಿನಿಯ ಮದುವೆ ಆದದ್ದು.

ಅತ್ತೆಯವರ ಹತ್ತಿರ ಮೊದಲು ಹೇಳಿದೆ. ಅವರು ಸುಮ್ಮನೆ ಕೇಳಿ, "ನೀನು ನೋಡುತ್ತೀಯಲ್ಲ, ಆ ಬೈಯುವವನ ವಿಡಿಯೋ, ಅದನ್ನು ಅವರಿಗೂ ತೋರಿಸು. ತಾವೇ ಮಾತಿಗೆ ಬರುತ್ತಾರೆ" ಎಂದರು. ರಾತ್ರಿ ಊಟವಾದ ಮೇಲೆ ಬ್ರಿಟನ್ನಿನ ಮೊದಲ ಕಂತನ್ನೇ ಹಾಕಿದೆ. ಸಿಲ್ಸ್‌ಡನ್ ಎಂಬ ಊರಿನ ಬೋನಾಪಾರ್ಟ್ಸ್ ಎಂಬ ರೆಸ್ಟೋರೆಂಟ್. ಭಾಷೆ ತಿಳಿಯದಿದ್ದರೂ ಮಾವನವರು ಒಂದು ಕ್ಷಣವೂ ಕಣ್ಣು ತೆಗೆಯಲಿಲ್ಲ. ಅಲ್ಲಿನ ಹುಡುಗ ಬಾಣಸಿಗ ಬಡಿಸಿದ ಕೆಟ್ಟುಹೋದ ಚಿಪ್ಪುಮೀನನ್ನು ಬಾಯಿಗಿಟ್ಟ ರಾಮ್ಸೆ ಹೊರಗೆ ಓಡಿ ವಾಂತಿ ಮಾಡುವ ದೃಶ್ಯಕ್ಕೆ ಅವರು ಮುಖ ಸಿಂಡರಿಸಿದರು. ಮೆನು ಕತ್ತರಿಸಿ ಕಡಿಮೆ ಬೆಲೆಯ ಸರಳ ಊಟ ಬಡಿಸುವುದನ್ನು ನೋಡಿ ತಲೆಯಾಡಿಸಿದರು. ಮುಗಿದ ಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ. "ಅದೆಲ್ಲ ಸರಿ ಅವ್ವಾ, ಆತ ಹೋದ ಮೇಲೆ ಅಂಗಡಿ ಏನಾಯಿತು?"

ಅದನ್ನು ನಾನು ಅಲ್ಲಿಯವರೆಗೆ ವಿಚಾರಿಸಿಯೇ ಇರಲಿಲ್ಲ. ಆ ರಾತ್ರಿ ಕುಳಿತು ಹುಡುಕಿದೆ. ಬೋನಾಪಾರ್ಟ್ಸ್ ಮುಚ್ಚಿಹೋಗಿತ್ತು. ಅಲ್ಲಿನ ದೃಶ್ಯಗಳು ನಕಲಿ ಎಂದು ಲಂಡನ್ನಿನ ಪತ್ರಿಕೆಯೊಂದು ಬರೆದದ್ದಕ್ಕೆ ರಾಮ್ಸೆ ಮೊಕದ್ದಮೆ ಹೂಡಿ 2006ರಲ್ಲಿ 75,000 ಪೌಂಡ್ ಪರಿಹಾರ ಪಡೆದಿದ್ದ. ಅಂದರೆ ತೋರಿಸಿದ್ದು ನಿಜ, ಆದರೂ ಅಂಗಡಿ ಉಳಿಯಲಿಲ್ಲ. ಅಮೆರಿಕದ ಅರಿಜೋನಾದಲ್ಲಿನ ಆಮೀಸ್ ಬೇಕಿಂಗ್ ಕಂಪನಿಯ ಕಂತು 2013ರಲ್ಲಿ ಬಂದಾಗ ಎಲ್ಲೆಡೆ ಸುದ್ದಿಯಾಗಿತ್ತು. ಮಾಲೀಕ ದಂಪತಿ ಏನನ್ನೂ ಒಪ್ಪದಿದ್ದಾಗ ರಾಮ್ಸೆ ನಡುವೆಯೇ ಎದ್ದುಹೋದ, 2015ರಲ್ಲಿ ಅದೂ ಬಾಗಿಲು ಹಾಕಿತು. ಉಳಿದ ಎಷ್ಟೋ ಹೋಟೆಲುಗಳ ಗತಿಯೂ ಅದೇ. ಕಾರಣಗಳು ನನಗೆ ನಿಚ್ಚಳವಾಗಿ ಕಂಡವು. ಈ ಕಾರ್ಯಕ್ರಮಗಳು ಬರುವ ಹೊತ್ತಿಗೆ ಸಾಲ ಕುತ್ತಿಗೆಗೆ ಬಂದಿರುತ್ತದೆ. ಬಣ್ಣ ಬಳಿದರೆ ಬಾಡಿಗೆಯ ಬಾಕಿ ತೀರುವುದಿಲ್ಲ. ಟಿವಿ ನೋಡಿ ಬಂದ ಜನ ಒಂದು ಸಲ ಬರುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಕ್ಯಾಮೆರಾದ ಮುಂದೆ ತಲೆಯಾಡಿಸಿದ ಮಾಲೀಕ ಮನಸ್ಸಿನಲ್ಲಿ ಒಪ್ಪಿರುವುದಿಲ್ಲ, ಆತ ಹೋದ ವಾರಕ್ಕೆ ಹಳೆಯ ಮೆನುವನ್ನು ಹೊರತೆಗೆಯುತ್ತಾನೆ.

ಮರುದಿನ ಇದನ್ನೆಲ್ಲ ಮಾವನವರಿಗೆ ಹೇಳಿದೆ. ಅವರು ಬಹಳ ಹೊತ್ತು ಏನೂ ಮಾತನಾಡಲಿಲ್ಲ. ಆಮೇಲೆ, "ಬೈದರೆ ಯಾರು ಕೇಳುತ್ತಾರೆ? ನೀನು ಲೆಕ್ಕ ಬರೆದಿದ್ದೀಯಂತಲ್ಲ, ತಾ" ಎಂದರು. ಅತ್ತೆಯವರು ಅಷ್ಟರಲ್ಲಿ ಹೇಳಿಬಿಟ್ಟಿದ್ದರು. ನಾನು ಪುಸ್ತಕ ತಂದು ಅವರ ಮುಂದಿಟ್ಟೆ. ಕನ್ನಡಕ ಹಾಕಿಕೊಂಡು ಪುಟ ಪುಟವನ್ನೂ ಬೆರಳಿಟ್ಟು ಓದಿದರು. ಅವರಿಗೆ ಸಿಟ್ಟು ಬರಲಿಲ್ಲ. 1,440 ಎಂಬ ಅಂಕಿಯ ಹತ್ತಿರ ಮಾತ್ರ ನಿಂತು, ಮತ್ತೊಮ್ಮೆ ತಾವೇ ಕೂಡಿ ಕಳೆದು ನೋಡಿದರು.

ಆಮೇಲಿನದು ನಿಧಾನದ ಕೆಲಸ. ಒಂದೇ ರಾತ್ರಿಯಲ್ಲಿ ಹೊಸ ಫಲಕ, ಹೊಸ ದೀಪ, ಚಪ್ಪಾಳೆ, ಇವು ಯಾವುವೂ ನಮ್ಮಲ್ಲಿ ಆಗಲಿಲ್ಲ. ಮೊದಲು ಬದಲಾದದ್ದು ಜೋಳ ಮತ್ತು ಗಿರಣಿಯ ಪಾಳಿ. ಗಿರಾಕಿಗಳಿಗೆ ಏನನ್ನೂ ಹೇಳಲಿಲ್ಲ. ತಟ್ಟೆ ತೊಳೆಯುವ ಕಟ್ಟೆಗೆ ಬರುವ ರೊಟ್ಟಿಯ ಅಂಚುಗಳು ಕಡಿಮೆಯಾಗುತ್ತಾ ಬಂದು ಕೊನೆಗೆ ನಿಂತೇಹೋದವು. ಅದನ್ನು ತೋರಿಸಲು ಮಾವನವರನ್ನು ಹಿಂಬದಿಗೆ ಕರೆದುಕೊಂಡು ಹೋದೆ. ಮಾತಿನಲ್ಲಿ ಹೇಳಿದ್ದಕ್ಕಿಂತ ಆ ಖಾಲಿ ತಟ್ಟೆಗಳು ಹೆಚ್ಚು ಹೇಳಿದವು. ಮೆನು ಕಡಿಮೆ ಮಾಡುವ ಮಾತನ್ನು ಅವರೇ ಎತ್ತಿದರು.

ಚೈನೀಸ್ ಅಡುಗೆಯ ಹುಡುಗನನ್ನು ಕಳಿಸುವುದು ಎಲ್ಲಕ್ಕಿಂತ ಕಷ್ಟವಾಯಿತು. ಟಿವಿಯಲ್ಲಿ ಇಂಥವರನ್ನು ಅರ್ಧ ನಿಮಿಷದಲ್ಲಿ ಹೊರಗೆ ಹಾಕಿ ಮುಂದಿನ ದೃಶ್ಯಕ್ಕೆ ಹೋಗುತ್ತಾರೆ. ಅವನು ದೂರದ ಊರಿನಿಂದ ಹೊಟ್ಟೆಪಾಡಿಗೆ ಬಂದವನು, ನಮ್ಮ ಅಟ್ಟದ ಮೇಲೆಯೇ ಮಲಗುತ್ತಿದ್ದ, ನನ್ನ ಮಗನಿಗೆ ಆಟಿಕೆ ತಂದುಕೊಡುತ್ತಿದ್ದ. ಅವನ ಕೆಲಸದಲ್ಲಿ ದೋಷವಿರಲಿಲ್ಲ, ನಮ್ಮ ಜಾಗಕ್ಕೆ ಆ ಕೆಲಸ ಹೊಂದುತ್ತಿರಲಿಲ್ಲ. ಮಾವನವರು ಪರಿಚಯದವರ ಹೋಟೆಲಿನಲ್ಲಿ ಅವನಿಗೆ ಜಾಗ ಹುಡುಕಿ, ಒಂದು ತಿಂಗಳ ಪಗಾರ ಕೈಯಲ್ಲಿಟ್ಟು, ತಾವೇ ಬಿಟ್ಟುಬಂದರು. ಅಲ್ಲಿಯವರೆಗೆ ನೂಡಲ್ಸ್ ನಡೆದೇ ಇತ್ತು. ಲೆಕ್ಕದ ಪ್ರಕಾರ ಅದು ನಷ್ಟ. ಆದರೂ ಆ ತಡಕ್ಕೆ ನನ್ನ ಪೂರ್ಣ ಒಪ್ಪಿಗೆ ಇತ್ತು, ಇವತ್ತಿಗೂ ಇದೆ.

ಉಳಿದದ್ದು ಒಂದು ತಟ್ಟೆ. ಎರಡು ಜೋಳದ ರೊಟ್ಟಿ, ಎಣ್ಣೆಗಾಯಿ ಅಥವಾ ಆ ದಿನದ ಕಾಯಿಪಲ್ಯ, ಮೊಳಕೆ ಕಾಳಿನ ಉಸುಳಿ ಅಥವಾ ಪುಂಡಿ ಪಲ್ಯ, ಶೇಂಗಾ ಹಿಂಡಿ, ಮೊಸರು, ಹಸಿ ಉಳ್ಳಾಗಡ್ಡಿ, ಅನ್ನ, ತೊಗರಿ ಬೇಳೆಯ ಸಾರು. 80 ರೂಪಾಯಿ. ಅನ್ನವನ್ನು ಮೊದಲೇ ಗುಡ್ಡೆ ಹಾಕದೆ, ಕೇಳಿದಷ್ಟು ಬಡಿಸಲು ಸಪ್ಲೈಯರ್‌ಗಳಿಗೆ ಹೇಳಿದೆವು. ಬಿಡುವ ಅನ್ನ ಅರ್ಧಕ್ಕಿಂತ ಕೆಳಗಿಳಿಯಿತು. ಬೆಳಿಗ್ಗೆ ಮಂಡಕ್ಕಿಯ ಸುಸಲಾ, ಮಿರ್ಚಿ. ಶುಕ್ರವಾರ ಮಾತ್ರ ತಹರಿ ಎಂಬ ಮಸಾಲೆ ಅನ್ನ, ದರ್ಗಾದ ಕಡೆ ಹೋಗಿಬರುವ ಜನ ಅದನ್ನು ಕೇಳುತ್ತಾರೆ. ಮಿರ್ಚಿ ಕರಿದ ಎಣ್ಣೆಯನ್ನು ಮರುದಿನದ ಅಡುಗೆಗೆ ಬಳಸುವುದನ್ನು ನಿಲ್ಲಿಸಿದೆವು. ಮತ್ತೆ ಮತ್ತೆ ಕಾಯಿಸಿದ ಎಣ್ಣೆ ಕೆಡುವಾಗ ಅದರಲ್ಲಿ ಹುಟ್ಟುವ ಧ್ರುವೀಯ ಸಂಯುಕ್ತಗಳು ನೂರಕ್ಕೆ 25 ಮೀರಬಾರದೆಂಬ ನಿಯಮ 2018ರ ಜುಲೈನಿಂದ ಇದೆ. ಅದನ್ನು ಅಳೆಯುವ ಉಪಕರಣ ನಮ್ಮಂಥವರ ಬಳಿ ಎಲ್ಲಿರುತ್ತದೆ? ಎಣ್ಣೆ ಕಪ್ಪಾಗಿ ನೊರೆ ಬಂದರೆ ತೆಗೆದಿಡುವುದು, ಅಷ್ಟೇ. ಆಹಾರ ಸುರಕ್ಷತಾ ನೋಂದಣಿಯ ಹದಿನಾಲ್ಕು ಅಂಕಿಯ ಸಂಖ್ಯೆಯನ್ನು ಗೋಡೆಗೂ ಬಿಲ್ಲಿಗೂ ಹಾಕಿದೆವು.

ಇಲ್ಲಿಯವರೆಗಿನದಕ್ಕೆ ಆ ಶೋಗಳು ದಾರಿ ತೋರಿಸಿದ್ದವು. ಮುಂದಿನದಕ್ಕೆ ಅವುಗಳಲ್ಲಿ ಉತ್ತರವಿರಲಿಲ್ಲ. ಅಲ್ಲಿ ಉಂಡವರು ದುಡ್ಡು ಕೊಟ್ಟೇ ಏಳುತ್ತಾರೆ. ನಮ್ಮ ಗಂಜಿನಲ್ಲಿ ಉದ್ರಿ ಇದೆ. ಕೆಂಪು ಬಟ್ಟೆಯ ರಟ್ಟಿನ ಪುಸ್ತಕದಲ್ಲಿ 1,86,000 ರೂಪಾಯಿ ಬರಬೇಕಿತ್ತು. ಹಮಾಲರದ್ದು ಅದರಲ್ಲಿ ಅಲ್ಪ, ಅವರು ವಾರದ ಕೂಲಿ ಬಂದ ದಿನ ತಂದು ಕೊಡುತ್ತಾರೆ. ದೊಡ್ಡ ಬಾಕಿಯೆಲ್ಲ ಇದ್ದವರದ್ದು. ಅಂಗಡಿಗೆ ಬಂದ ವ್ಯಾಪಾರಿಗಳಿಗೆ ಊಟ ಕಳಿಸಿ ಎಂದು ಫೋನ್ ಮಾಡಿ, ತಿಂಗಳುಗಟ್ಟಲೆ ಲೆಕ್ಕ ಚುಕ್ತಾ ಮಾಡದವರದ್ದು. ಉದ್ರಿ ಒಮ್ಮೆಲೇ ನಿಲ್ಲಿಸಿದರೆ ಗಿರಾಕಿ ಹೋಗುತ್ತಾನೆ, ಸಂಬಂಧವೂ ಹೋಗುತ್ತದೆ. ನನ್ನ ಬಿ.ಕಾಂ. ಇಲ್ಲಿ ಕೆಲಸಕ್ಕೆ ಬರಲಿಲ್ಲ, ಮಾವನವರ ನಾಲ್ಕು ದಶಕದ ಮುಖಪರಿಚಯ ಬಂತು. ಅವರು ಬಿಳಿ ಅಂಗಿ, ಟೋಪಿ ಹಾಕಿಕೊಂಡು ಸಂಜೆ ಹೊತ್ತು ಒಂದೊಂದೇ ಅಂಗಡಿಗೆ ಹೋಗಿ ಕುಳಿತರು. ದುಡ್ಡು ಕೇಳಲಿಲ್ಲ. "ಸೊಸೆ ಹೊಸ ಪುಸ್ತಕ ಹಾಕಿದ್ದಾಳೆ, ಹಳೆಯದನ್ನು ಮುಗಿಸಬೇಕಂತೆ" ಎಂದರು. ಹೀಗೆ ಹೇಳುತ್ತೇನೆಂದು ನನಗೆ ಮುಂಚಿತವಾಗಿ ತಿಳಿಸಿಯೇ ಹೋಗಿದ್ದರು. ಹೆಚ್ಚಿನವರು ಕೊಟ್ಟರು. ಒಬ್ಬ ಅಡತಿ ಸಾಹುಕಾರರು ನಗದಿನ ಬದಲು ತೊಗರಿ ಬೇಳೆಯ ಚೀಲ ಕಳಿಸಿದರು. ಬೇಳೆ ಎಂಥದ್ದೆಂದರೆ, ಬೇಯುವಾಗಲೇ ಬೀದಿಗೆ ಪರಿಮಳ ಬರುವಂಥದ್ದು. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ, ಅದನ್ನು ಬಿಟ್ಟು ನಾವು ಪೊಟ್ಟಣದ ಬೇಳೆ ತರುತ್ತಿದ್ದೆವು. ಈಗ ಅವರಿಂದಲೇ ಚೀಲದ ಲೆಕ್ಕದಲ್ಲಿ ಕೊಳ್ಳುತ್ತೇವೆ, ಅವರ ಗುಮಾಸ್ತರ ಊಟ ಅದಕ್ಕೆ ವಜಾ ಆಗುತ್ತದೆ.

ಮುಂದೆ ಉದ್ರಿ ಬೆಳೆಯದಂತೆ ತಿಂಗಳ ಚೀಟಿ ಮಾಡಿದೆವು. ಮೂವತ್ತು ಊಟದ ಚೀಟಿ 2,250 ರೂಪಾಯಿ, ಊಟಕ್ಕೆ ಐದು ರೂಪಾಯಿ ಉಳಿತಾಯ, ದುಡ್ಡು ಮೊದಲೇ. ಗುಮಾಸ್ತರು, ಬಾಡಿಗೆ ಕೋಣೆಯಲ್ಲಿರುವ ವಿದ್ಯಾರ್ಥಿಗಳು ಅದನ್ನು ತೆಗೆದುಕೊಂಡರು. ತಿಂಗಳ ಆರಂಭದಲ್ಲೇ ಜೋಳಕ್ಕೂ ಶೇಂಗಾಕ್ಕೂ ನಗದು ಕೈಗೆ ಬರುವಂತಾಯಿತು. ನಗದು ಕೊಟ್ಟು ಕೊಂಡರೆ ಬೆಲೆ ಇಳಿಯುತ್ತದೆ. ನಮ್ಮ ಖಾನಾವಳಿಯ ಉಸಿರು ತಿರುಗಿದ್ದು ನಿಜವಾಗಿ ಇಲ್ಲಿ.

ಅಲಂಕಾರಕ್ಕೆ ಖರ್ಚು ಮಾಡಲಿಲ್ಲ. ಸುಣ್ಣ ಬಳಿಸಿದೆವು, ರೊಟ್ಟಿಯ ಒಲೆಯನ್ನು ಹಾಲ್‌ಗೆ ತಾಗಿದ ಗೋಡೆಯಿಂದ ಹಿಂಬದಿಗೆ ಸರಿಸಿ ಹೊಗೆ ಎಳೆಯುವ ಫ್ಯಾನ್ ಹಾಕಿಸಿದೆವು. ಏಪ್ರಿಲ್, ಮೇ ತಿಂಗಳಲ್ಲಿ ಜನ ಹವಾನಿಯಂತ್ರಿತ ಹೋಟೆಲುಗಳಿಗೆ ಹೋಗುತ್ತಿದ್ದದ್ದು ಪನ್ನೀರಿನ ಆಸೆಗಲ್ಲ, ನಮ್ಮ ಹಾಲ್‌ನ ಕಾವು ತಾಳಲಾರದೆ. ಒಲೆ ಸರಿದ ಮೇಲೆ ಕಾವು ಇಳಿಯಿತು. ಕುಳಿತ ಕೂಡಲೇ ಒಂದು ಲೋಟ ಮಜ್ಜಿಗೆ ಕೊಡುವ ಪದ್ಧತಿಯನ್ನು ಅತ್ತೆಯವರು ತಂದರು.

ಸಾಲ ಪೂರ್ತಿ ತೀರಿಲ್ಲ. ಮಳೆಗಾಲದಲ್ಲಿ ಗಂಜ್ ತಣ್ಣಗಾದಾಗ ನಮ್ಮ ಹಾಲ್‌ನಲ್ಲೂ ಮೇಜುಗಳು ಖಾಲಿ ಇರುತ್ತವೆ, ಆಗ ರೊಟ್ಟಿ, ಹಿಂಡಿಯನ್ನು ಕಟ್ಟಿಕೊಡುವ ವ್ಯಾಪಾರ ನಡೆಸುತ್ತೇವೆ. ಸ್ವಸಹಾಯ ಗುಂಪುಗಳ ಮಹಿಳೆಯರು 'ಕಲಬುರಗಿ ರೊಟ್ಟಿ' ಎಂಬ ಹೆಸರಿನಲ್ಲಿ ದೂರದೂರಿಗೆ ರೊಟ್ಟಿ ಕಳಿಸುವುದನ್ನು ನೋಡಿ ಬಂದ ಧೈರ್ಯ ಅದು. ಸಾಲದ ಕಂತು ತಪ್ಪಿಲ್ಲ, ಪಗಾರ ತಡವಾಗಿಲ್ಲ. ರೊಟ್ಟಿ ಬಡಿಯುವ ತಾಯಿಯ ಕೈಕೆಳಗೆ ಈಗ ಇನ್ನಿಬ್ಬರು ಇದ್ದಾರೆ, ಯಾವ ಜೋಳ ಕೊಳ್ಳಬೇಕೆಂಬುದನ್ನು ಅವರೇ ಹೇಳುತ್ತಾರೆ.

ಇತ್ತೀಚೆಗೆ ಹುಮನಾಬಾದಿನಲ್ಲಿ ಊಟದ ಹೋಟೆಲು ನಡೆಸುವ ನಮ್ಮ ದೂರದ ಸಂಬಂಧಿಕರೊಬ್ಬರು ಮಾವನವರಿಗೆ ಫೋನ್ ಮಾಡಿ, ನಿಮ್ಮ ಸೊಸೆಯನ್ನು ಒಂದು ದಿನ ಕಳಿಸಿ ಎಂದರು. ಗಂಡನ ಜೊತೆ ಹೋದೆ. ಊಟ ಮಾಡಿದೆ, ಫ್ರಿಜ್ ತೆರೆಸಿದೆ, ಪುಸ್ತಕ ನೋಡಿದೆ. ನಮ್ಮ ಮನೆಯಲ್ಲಿ ಬಾಯಿಗೆ ಬಂದು ನಿಂತ ಮಾತುಗಳೆಲ್ಲ ಅಲ್ಲಿ ಸರಾಗವಾಗಿ ಹೊರಬಿದ್ದವು. ಈ ಮೂರು ಪದಾರ್ಥ ನಿಲ್ಲಿಸಿ, ಈ ಗ್ರೇವಿ ಇವತ್ತೇ ಚೆಲ್ಲಿ, ಉದ್ರಿ ಪುಸ್ತಕವನ್ನು ಇನ್ನು ಬೆಳೆಸಬೇಡಿ ಎಂದು ಮುಖಕ್ಕೇ ಹೇಳಿದೆ. ಅವರು ಎಲ್ಲದಕ್ಕೂ ಆಯಿತು, ಆಯಿತು ಎಂದರು. ಅವರ ಸೊಸೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಒಂದು ಮಾತೂ ಆಡದೆ ಕೇಳಿಸಿಕೊಳ್ಳುತ್ತಿದ್ದಳು. ಸಂಜೆ ಬಸ್ಸಿಗೆ ಹೊರಡುವ ಮುಂಚೆ ಅವಳನ್ನು ಒಳಗೆ ಕರೆದು ಫೋನ್ ಸಂಖ್ಯೆ ತೆಗೆದುಕೊಂಡೆ. ಈ ವಾರದ ಜೋಳ, ಗ್ಯಾಸ್, ಎಸೆದ ಅಡುಗೆಯ ಲೆಕ್ಕ ಬರೆದು ಭಾನುವಾರ ಕಳಿಸು ಎಂದಿದ್ದೇನೆ. ಕಳಿಸಿದ್ದಾಳೆ, ಗ್ಯಾಸಿನ ಅಂಕಿ ಹೊಂದುತ್ತಿಲ್ಲ, ಇವತ್ತು ರಾತ್ರಿ ಕೂಡಬೇಕು.